ವಿಮಾನದ ಹೆಸರಲ್ಲ, ಕಟ್ಟಿದವರ ಕೈಕೆಲಸ ನೋಡಿ

1997ರ ಅಕ್ಟೋಬರ್ 12ರ ಸಂಜೆ ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ವಿಮಾನ ನಿಲ್ದಾಣದಿಂದ ಪುಟ್ಟ ಲಾಂಗ್-ಈಝಿ ವಿಮಾನದಲ್ಲಿ ಒಬ್ಬರೇ ಹೊರಟರು. ಅದು ಹವ್ಯಾಸಿಯೊಬ್ಬರು ನಕ್ಷೆ ನೋಡಿ ಕಟ್ಟಿದ ವಿಮಾನ. ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು. ಕೆಲವು ಸಲ ಇಳಿದು ಏರುವ ಅಭ್ಯಾಸ ಮಾಡಿ ಕಡಲಿನತ್ತ ತಿರುಗಿದರು. ಸ್ವಲ್ಪ ಹೊತ್ತಿಗೆ ಪೆಸಿಫಿಕ್ ಗ್ರೋವ್ ಬಳಿ ವಿಮಾನ ನೀರಿಗೆ ಬಿತ್ತು. ಡೆನ್ವರ್ ಉಳಿಯಲಿಲ್ಲ.

ಅವರಿಗೆ ಸಾವಿರಾರು ಗಂಟೆ ಹಾರಿಸಿದ ಅನುಭವವಿತ್ತು. ತನಿಖೆಗೆ ಬಂದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಗಮನ ಹೋದದ್ದು ಒಂದು ಸಣ್ಣ ವಾಲ್ವ್‌ನ ಮೇಲೆ. ಒಂದು ಟ್ಯಾಂಕಿನ ಇಂಧನ ಮುಗಿದಾಗ ಇನ್ನೊಂದಕ್ಕೆ ಬದಲಿಸುವ ವಾಲ್ವ್ ಅದು. ವಿನ್ಯಾಸಕ ಬರ್ಟ್ ರುಟಾನ್ ಅವರ ನಕ್ಷೆಯಲ್ಲಿ ಅದರ ಜಾಗ ಪೈಲಟ್‌ನ ಕಾಲುಗಳ ನಡುವೆ. ಈ ವಿಮಾನವನ್ನು ಕಟ್ಟಿದವರು ಇಂಧನದ ಕೊಳವೆ ಕಾಕ್‌ಪಿಟ್‌ನೊಳಗೆ ಬರುವುದು ಬೇಡವೆಂದು ವಾಲ್ವನ್ನು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ತಿರುಗಿಸಬೇಕಾದರೆ ಬಲಗೈಯನ್ನು ಸ್ಟಿಕ್‌ನಿಂದ ತೆಗೆದು, ಮೈಯನ್ನು ಪೂರ್ತಿ ಹಿಂದಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಬಲಗಾಲು ತಾನಾಗಿ ರಡರ್ ಪೆಡಲನ್ನು ಒತ್ತುತ್ತದೆ. ಹಿಡಿಯೂ ಬಿಗಿಯಾಗಿತ್ತು, ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಎಂಬ ಗುರುತೂ ಇರಲಿಲ್ಲ. ವಾಲ್ವ್ ತಿರುಗಿಸುವ ಪ್ರಯತ್ನದಲ್ಲೇ ವಿಮಾನ ಹತೋಟಿ ತಪ್ಪಿತೆಂದು ಮಂಡಳಿ ತೀರ್ಮಾನಿಸಿತು.

ವಿನ್ಯಾಸದಲ್ಲಿ ಕೊರತೆ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಲಾಂಗ್-ಈಝಿಯನ್ನೇ ಆಧರಿಸಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನವನ್ನು ಹಾರಿಸಿತ್ತು. ಆದರೆ ಮನೆಯಲ್ಲಿ ಕಟ್ಟಿದ ಎರಡು ಲಾಂಗ್-ಈಝಿಗಳು ಒಂದೇ ಅಲ್ಲ. ಅಮೆರಿಕದ ನಿಯಮದ ಪ್ರಕಾರ ಇಂಥ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಆ ಅರ್ಧದಲ್ಲಿ ಕಟ್ಟಿದವರ ಜಾಣತನವೂ ಇರುತ್ತದೆ, ಆತುರವೂ ಇರುತ್ತದೆ. ಆದ್ದರಿಂದ ಇಂಥ ವಿಮಾನ ಕೊಳ್ಳುವವರು ಮಾರುವವರಿಗೆ ಹಾಕಬೇಕಾದ ಮೊದಲ ಪ್ರಶ್ನೆ: ನಕ್ಷೆ ಬಿಟ್ಟು ಎಲ್ಲೆಲ್ಲಿ ಬದಲಾಯಿಸಿದ್ದೀರಿ?

ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬಾರದು. ಒಳ್ಳೆಯ ಕೆಲಸಗಾರರು ಕಟ್ಟುವಾಗಿನ ಫೋಟೊ, ದಿನಚರಿ, ಬಿಲ್ಲುಗಳನ್ನು ಜೋಪಾನ ಮಾಡಿರುತ್ತಾರೆ. ರೆಕ್ಕೆಯ ಒಳಭಾಗ ಮುಚ್ಚುವ ಮೊದಲು ಹೇಗಿತ್ತೆಂದು ತೋರಿಸಲು ಆ ಫೋಟೊಗಳೇ ಬೇಕು. ಮೇಲಿನ ಬಣ್ಣದ ಹೊಳಪಿಗೆ ನಾನು ಬೆಲೆಯನ್ನೇ ಕಟ್ಟುವುದಿಲ್ಲ. ತಪಾಸಣೆಯ ಮುಚ್ಚಳಗಳನ್ನು ಬಿಚ್ಚಿಸಿ, ಟಾರ್ಚ್ ಹಿಡಿದು ಒಳಗೆ ನೋಡಬೇಕು. ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯಂಥ ಅಲ್ಯೂಮಿನಿಯಂ ವಿಮಾನದಲ್ಲಿ ರಿವೆಟ್‌ನ ಸುತ್ತ ಗಾಳಿ ಹರಿಯುವ ದಿಕ್ಕಿಗೆ ಕಪ್ಪು ಗೆರೆ ಎಳೆದಂತಿದ್ದರೆ ಆ ರಿವೆಟ್ ಸಡಿಲವಾಗಿ ಅಲುಗಾಡುತ್ತಿದೆ ಎಂದರ್ಥ. ಫೈಬರ್ ವಿಮಾನವಾದರೆ ಮೈಮೇಲೆ ನಾಣ್ಯದಿಂದ ತಟ್ಟುತ್ತ ಹೋಗಬೇಕು. ಟಣ್ ಎನ್ನುತ್ತಿದ್ದ ಸದ್ದು ಒಂದೆಡೆ ಮಂಕಾದರೆ ಅಲ್ಲಿ ಪದರ ಬಿಟ್ಟುಕೊಂಡಿರುವ ಸಾಧ್ಯತೆ ಇದೆ. ಮರದ ವಿಮಾನಕ್ಕೆ ಶತ್ರು ತೇವ. ನೀರು ಇಳಿದುಹೋಗುವ ತೂತುಗಳು ಮುಚ್ಚಿವೆಯೇ ಎಂದು ನೋಡಿದರೆ ಮಾಲೀಕರ ಕಾಳಜಿ ಎಷ್ಟೆಂಬುದೂ ತಿಳಿಯುತ್ತದೆ.

ಎಂಜಿನ್ ವಿಷಯದಲ್ಲಿ ಜನ ಹೆಚ್ಚಾಗಿ ಮೋಸಹೋಗುವುದು ‘ಕಡಿಮೆ ಓಡಿದೆ’ ಎಂಬ ಮಾತಿಗೆ. ಆರ್‌ವಿಗಳಲ್ಲಿ ಸಾಮಾನ್ಯವಾದ ಲೈಕಮಿಂಗ್ ಒ-320, ಒ-360 ಎಂಜಿನ್‌ಗಳಿಗೆ ಕಂಪನಿ ಹೇಳುವ ಓವರ್‌ಹಾಲ್ ಅವಧಿ ಸುಮಾರು 2,000 ಗಂಟೆ ಅಥವಾ 12 ವರ್ಷ. ಇವುಗಳ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಭಾಗದಲ್ಲಿ. ವಿಮಾನ ತಿಂಗಳುಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ಹತ್ತು ವರ್ಷದಲ್ಲಿ ನೂರೇ ಗಂಟೆ ಓಡಿದ ಎಂಜಿನ್‌ಗಿಂತ ವಾರವಾರವೂ ಹಾರಿ ಸಾವಿರ ಗಂಟೆ ದಾಟಿದ್ದನ್ನೇ ನಾನು ನಂಬುತ್ತೇನೆ. ಕಂಪ್ರೆಷನ್ ಪರೀಕ್ಷೆಯ ಜೊತೆಗೆ ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯೇ ಎಂದು ನೋಡಲು ಹೇಳಿ.

ಈ ಎಲ್ಲ ಪರೀಕ್ಷೆಗೆ ಅದೇ ಮಾದರಿಯನ್ನು ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಬೇಕು, ಅವರು ಮಾರುವವರ ಕಡೆಯವರಾಗಿರಬಾರದು. ಕೊಂಡ ಮೇಲೂ ಅವರ ಅಗತ್ಯ ಬೀಳುತ್ತದೆ. ತಾನು ಕಟ್ಟಿದ ವಿಮಾನದ ವಾರ್ಷಿಕ ತಪಾಸಣೆಗೆ ತಾನೇ ಸಹಿ ಹಾಕುವ ಪ್ರಮಾಣಪತ್ರ ಅಮೆರಿಕದಲ್ಲಿ ಕಟ್ಟಿದವರಿಗೆ ಸಿಗುತ್ತದೆ. ವಿಮಾನ ಮಾರಿದರೂ ಅದು ಕೊಂಡವರಿಗೆ ವರ್ಗವಾಗುವುದಿಲ್ಲ.

ಹವ್ಯಾಸಿ ವಿಮಾನಗಳ ಬಗ್ಗೆ ಡೆನ್ವರ್ ಅಪಘಾತದ ತನಿಖೆ ಮಾಡಿದ ಮಂಡಳಿಯೇ 2012ರಲ್ಲಿ ಹೊರತಂದ ಅಧ್ಯಯನವೂ ಎರಡನೇ ಮಾಲೀಕರ ಆರಂಭದ ಹಾರಾಟಗಳನ್ನು ಅಪಾಯದ ಹಂತವೆಂದೇ ಗುರುತಿಸಿತ್ತು. ಹಾಗಾಗಿ ಬೆಲೆ ಮಾತಾಡುವಾಗಲೇ ತರಬೇತುದಾರರೊಬ್ಬರ ಜೊತೆ ಅದೇ ಮಾದರಿಯಲ್ಲಿ ಕಲಿಯುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಂಜಿನ್ ಚಾಲೂ ಮಾಡುವ ಮೊದಲು ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತು, ಪ್ರತಿಯೊಂದು ಹಿಡಿ, ಸ್ವಿಚ್, ವಾಲ್ವ್ ಕೈಗೆ ಎಟಕುತ್ತದೆಯೇ ಎಂದು ಮುಟ್ಟಿ ನೋಡಿ. ಎಟಕದಿದ್ದರೆ ಅದನ್ನು ಸರಿಪಡಿಸುವವರೆಗೆ ಹಾರಬೇಡಿ. ಮುಚ್ಚಳ ಬಿಚ್ಚಿ ತೋರಿಸಲು ಮಾರುವವರು ಒಪ್ಪದಿದ್ದರೆ ಆ ವಿಮಾನವನ್ನು ಕೊಳ್ಳಲೇಬೇಡಿ.