ಕಥೆ ಬಲ್ಲವರ ಊರಿಗೆ ಕಥೆಯಿಲ್ಲದ ಚಿತ್ರ

ನಾಯಕನಿಲ್ಲ, ಹಾಡಿಲ್ಲ, ಎಷ್ಟೋ ಸಲ ಮಾತೂ ಇಲ್ಲ. 2003ರಲ್ಲಿ ಶಾಯ್ ಹೆರೆಡಿಯಾ ಮುಂಬಯಿಯಲ್ಲಿ ಶುರುಮಾಡಿ, ಮುಂದೆ ಬೆಂಗಳೂರಿನಲ್ಲಿ ನೆಲೆಯೂರಿದ ‘ಎಕ್ಸ್‌ಪೆರಿಮೆಂಟಾ’ ಇಂಥ ಪ್ರಯೋಗ ಚಿತ್ರಗಳದೇ ಉತ್ಸವ. ಸಿನಿಮಾ, ಫೋಟೊ, ವಿಡಿಯೊ ಕಲೆಗಳ ನಡುವಿನ ಬೇಲಿ ಇಲ್ಲಿ ಸಡಿಲ. 16 ಎಂಎಂ ರೀಲಿನ ಮೇಲಿನ ಗೀರು, ಕಲೆ, ಒಳಗೆ ಸೋರಿದ ಬೆಳಕು, ಅಂದರೆ ಟಾಕೀಸಿನಲ್ಲಾದರೆ ಜನ ಸಿಳ್ಳೆ ಹೊಡೆಯುವ ದೋಷಗಳು, ಇಂಥ ಚಿತ್ರಗಳಲ್ಲಿ ಬೇಕೆಂದೇ ಉಳಿಸಿಕೊಂಡ ಸಾಮಗ್ರಿ. ‘ಇದೆಲ್ಲ ಬೆಂಗಳೂರಿನವರ ಹುಚ್ಚು, ನಮ್ಮ ಬದಿಗಲ್ಲ’ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಇಂಥ ಚಿತ್ರ ನೋಡಲು ಬೇಕಾದ ತಾಲೀಮು ರಾಜಧಾನಿಗಿಂತ ಈ ಮೂರು ತಾಲ್ಲೂಕುಗಳಲ್ಲೇ ಗಟ್ಟಿಯಾಗಿದೆ ಎಂಬುದು ನನ್ನ ವಾದ.

ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥ ಹೇಳುವುದು. ಕರ್ಣನಿಗೆ ಕೊನೆಗೆ ಏನಾಗುತ್ತದೆಂಬುದು ಸಭೆಗೆ ಗೊತ್ತು. ಆದರೂ ನಡುರಾತ್ರಿಯವರೆಗೆ ಕೂರುತ್ತಾರೆ. ಇವತ್ತಿನ ಅರ್ಥಧಾರಿ ಅದನ್ನು ಹೇಗೆ ಕಟ್ಟುತ್ತಾನೆ, ಎಲ್ಲಿ ಎದುರಾಳಿಯನ್ನು ಸಿಕ್ಕಿಸುತ್ತಾನೆ ಎಂಬುದೇ ಕುತೂಹಲ. ಪ್ರಯೋಗ ಚಿತ್ರ ಪ್ರೇಕ್ಷಕನಿಂದ ಕೇಳುವುದೂ ಇಷ್ಟೇ: ಮುಂದೇನು ಎಂಬುದನ್ನು ಬಿಟ್ಟು ಹೇಗೆ ಎಂಬುದರ ಮೇಲೆ ಗಮನವಿಡಿ. ಇನ್ನು ಕಣ್ಣಿನ ಅಭ್ಯಾಸದ ಮಾತು. ಸಿದ್ದಾಪುರ, ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಬುಟ್ಟಿಯ ಮೇಲೂ ಅದೇ ಗೆರೆಗಳು. ಚಿತ್ತಾರದಲ್ಲಿ ಮದುಮಕ್ಕಳು ಬರೀ ಗೆರೆ, ತ್ರಿಕೋನ. ಅದನ್ನು ಯಾರೂ ‘ಅರ್ಥವಾಗಲಿಲ್ಲ’ ಎಂದು ದೂರಿದ್ದಿಲ್ಲ.

ಜನರಿಗೆ ತಿಳಿಯುವುದಿಲ್ಲ ಎಂಬ ಅನುಮಾನವನ್ನು ಸಿದ್ದಾಪುರದ ಗಡಿಯಾಚೆಯ ಹೆಗ್ಗೋಡು ಒಮ್ಮೆ ಪರೀಕ್ಷಿಸಿಯೂ ನೋಡಿದೆ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿತು. ಅದನ್ನು ಕಟ್ಟಿದ, ಅಡಿಕೆ ತೋಟದ ಕೆ.ವಿ. ಸುಬ್ಬಣ್ಣ ತಮ್ಮೂರಿನವರಿಗೆ ರೇ, ಕುರೊಸಾವಾ, ಬರ್ಗ್‌ಮನ್ ಚಿತ್ರಗಳನ್ನು ತೋರಿಸಿದರು. ಬರಿದೇ ತೋರಿಸಿ ಕೈತೊಳೆದುಕೊಳ್ಳಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದುರ್ ಅವರನ್ನು ಕರೆಸಿ ರಸಗ್ರಹಣ ಶಿಬಿರ ನಡೆಸಿದರು. ಈ ಪರೀಕ್ಷೆ ಸಿನಿಮಾಕ್ಕೇ ನಿಲ್ಲಲಿಲ್ಲ: ಯಲ್ಲಾಪುರದ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ನೀನಾಸಂ ಸಿದ್ದಿಗಳಿಗಾಗಿ ರಂಗಶಿಬಿರ ನಡೆಸಿತು. ಆಫ್ರಿಕಾ ಮೂಲದ ಆ ಸಮುದಾಯ ಮುಂದೆ ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನೇ ಆಡಿತು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಕುರೊಸಾವಾ ಚಿತ್ರದಲ್ಲಿ ಕಥೆಯಿದೆ. ಹೆಗ್ಗೋಡಿನ ಸಾಕ್ಷ್ಯ ಕಥೆಯಿಲ್ಲದ ಚಿತ್ರಕ್ಕೆ ಹೇಗೆ ಸಲ್ಲುತ್ತದೆ? ಒಪ್ಪತಕ್ಕ ಮಾತು, ಪೂರ್ತಿಯಾಗಿ ಅಲ್ಲ: ಕಥೆಯಿಲ್ಲದ ಚಿತ್ರವೂ ನಮ್ಮಲ್ಲಿ ಹೊಸದಲ್ಲ. ಆಗ ಪರವಾನಗಿಯ ಷರತ್ತಿನಂತೆ ಪ್ರತಿ ಚಿತ್ರಮಂದಿರವೂ ಮುಖ್ಯ ಚಿತ್ರಕ್ಕೆ ಮೊದಲು ಸರಕಾರದ ಕಿರುಚಿತ್ರ ತೋರಿಸಬೇಕಿತ್ತು. ಅವನ್ನು ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ನಿನ ಒಳಗೇ ಪ್ರಮೋದ್ ಪತಿ ‘ಎಕ್ಸ್‌ಪ್ಲೋರರ್’ (1968), ‘ಆಬಿದ್’ (1972) ಮಾಡಿದರು. ‘ಆಬಿದ್’ನಲ್ಲಿ ಕಲಾವಿದ ಆಬಿದ್ ಸುರ್ತಿ ಕೋಣೆಯ ಗೋಡೆಗೆಲ್ಲ ಚಿತ್ರ ಬರೆಯುತ್ತ ಕಾರ್ಟೂನಿನಂತೆ ಜಿಗಿಯುತ್ತಾರೆ. ವಾರ್ತಾಚಿತ್ರಗಳ ನಡುವೆ ಇಂಥವನ್ನೂ ಸರಕಾರವೇ ಮಾಡಿಸಿತ್ತು ಎಂಬುದು ಇಂದು ಯಾರಿಗೂ ನೆನಪಿಲ್ಲ. ‘ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ, ಉತ್ಸವ ಏಕೆ’ ಎನ್ನುವುದು ಇನ್ನೊಂದು ಆಕ್ಷೇಪ. ಸಿಗುವುದು ಬೇರೆ, ನೋಡುವುದು ಬೇರೆ. ಬೆಳಕನ್ನೇ ವಸ್ತುವಾಗಿಸಿಕೊಂಡ ಚಿತ್ರಕ್ಕೆ ಕತ್ತಲೆ ಬೇಕು, ದೊಡ್ಡ ಪರದೆ ಬೇಕು, ಮುಗಿದ ಮೇಲೆ ಜಗಳವಾಡಲು ಪಕ್ಕದಲ್ಲೊಬ್ಬರು ಬೇಕು.

ಪ್ರಯೋಗ ಚಿತ್ರಗಳಲ್ಲಿ ಹುಸಿಯೂ ಬಹಳ, ಅರ್ಥವಾಗದ್ದೆಲ್ಲ ಆಳವಾದದ್ದಲ್ಲ. ಅರ್ಥಧಾರಿ ಹಳಿ ತಪ್ಪಿದ ಕ್ಷಣವನ್ನು ಹಿಡಿಯಬಲ್ಲ ಸಭೆಗೆ ಆ ಹುಸಿಯನ್ನು ಗುರುತಿಸುವುದು ಕಷ್ಟವಾಗದು. ಆದ್ದರಿಂದ ಯಕ್ಷಗಾನ, ತಾಳಮದ್ದಳೆಗೆ ಸಭಾಭವನ ಹೊಂದಿಸುವ ಇಲ್ಲಿನ ಸಂಘಗಳಲ್ಲಿ ಒಂದು ಕೋರಿಕೆ: ವರ್ಷಕ್ಕೊಂದು ಸಂಜೆ ಬೆಂಗಳೂರಿನಿಂದ ಇಂಥ ನಾಲ್ಕೈದು ಕಿರುಚಿತ್ರ ತರಿಸಿ, ಒಂದೊಂದನ್ನೂ ಎರಡು ಸಲ ತೋರಿಸಿ, ನಡುವೆ ಮಾತಿಗೆ ಬಿಡುವು ಕೊಡಿ.