ಗೇಟಿನ ಸಂದಿಗೆ ಕೈ ಹಾಕೋ ಮುಂಚೆ

ಗೇಟಿನ ಸಂದಿಯಲ್ಲಿ ಪಾಂಪ್ಲೆಟ್ ತೂರಿಸ್ತಿದ್ದೀರಿ.
ಒಳಗಿಂದ ನಾಯಿ ಬಂದು ಬೆರಳು ಕಚ್ಚಿಬಿಡ್ತು.
ಮೊದಲು ಎಲ್ಲಿಗೆ ಓಡ್ತೀರಿ?

ಮೊದಲು ನಲ್ಲಿ ಹತ್ರ.
ಆಮೇಲೆ ಆಸ್ಪತ್ರೆ.

ದಾವಣಗೆರೆ, ಹರಿಹರದಲ್ಲಿ
ನಸುಕಲ್ಲೇ ಎದ್ದು ಪೇಪರ್, ಪಾಂಪ್ಲೆಟ್ ಹಾಕೋ ತಮ್ಮಂದಿರೇ,
ಇದು ನಿಮಗೆ.

ಸೋಪು ಹಚ್ಚಿ,
ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ.
ಪೂರ್ತಿ 15.
ಸುಣ್ಣ, ಖಾರದಪುಡಿ, ಅರಿಶಿನ...
ದಯವಿಟ್ಟು ಏನೂ ಮೆತ್ತಬೇಡಿ.

ಯಾಕಿಷ್ಟು ಅವಸರ?
ರೇಬೀಸ್ ವೈರಸ್ ನರ ಹಿಡಿದು ಮಿದುಳಿಗೆ ಹೋಗುತ್ತೆ.
ಹರಿಹರ ಬಿಟ್ಟು ದಾವಣಗೆರೆಗೆ ಹೊರಟ
ಪ್ಯಾಸೆಂಜರ್ ರೈಲಿನ ಹಾಗೆ, ನಿಧಾನಕ್ಕೆ.
ಆ ರೈಲು ಬರೋಕೆ ಮುಂಚೆ
ಲಸಿಕೆ ದಾವಣಗೆರೆ ಸ್ಟೇಷನ್‌ನಲ್ಲಿ ಕಾಯ್ತಿರಬೇಕು.
ರೋಗಲಕ್ಷಣ ಶುರುವಾದ್ರೆ,
ಬದುಕಿ ಉಳಿದೋರು ತೀರಾ ಅಪರೂಪ.

ಅದಕ್ಕೇ ಅವತ್ತೇ ಹೋಗಿ.
ದಾವಣಗೆರೆಯವರು ಚಿಗಟೇರಿ ಜಿಲ್ಲಾಸ್ಪತ್ರೆಗೆ,
ಹರಿಹರದವರು ತಾಲ್ಲೂಕು ಆಸ್ಪತ್ರೆಗೆ.
ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ.
ರಕ್ತ ಬಂದಿದ್ರೆ ತಪ್ಪದೇ ಹೇಳಿ,
ಗಾಯದ ಸುತ್ತ ಇನ್ನೊಂದು ಔಷಧಿ ಚುಚ್ಚಬೇಕಾಗುತ್ತೆ.
ಒಂದೇ ಡೋಸ್‌ಗೆ ನಿಲ್ಲಿಸಬೇಡಿ.

‘ನಮ್ದು ಸಾಕಿದ ನಾಯಿ, ಏನಾಗಲ್ಲ’ ಅಂತಾರೆ.
ಆದ್ರೂ ಹೋಗಿ.

ನಾಯಿ ಸಾಕಿರೋ ಅಣ್ಣಂದಿರೇ, ಅಕ್ಕಂದಿರೇ,
ಪೇಪರ್ ಬರೋ ಹೊತ್ತಿಗೆ ನಾಯಿ ಕಟ್ಟಿ.
ಗೇಟಿನ ಹೊರಗೆ ಒಂದು ಚೀಲ ನೇತುಹಾಕಿ.
ಇವತ್ತೇ.