ಮುರಿದ ಮೂಳೆ, ಹೆಪ್ಪುಗಟ್ಟುವ ರಕ್ತ: ಯಾವ ಔಷಧಿ ಮೇಲು?

ವಯಸ್ಸಾದವರು ಬಚ್ಚಲುಮನೆಯಲ್ಲೋ ಅಂಗಳದಲ್ಲೋ ಜಾರಿ ಬಿದ್ದು 'ಸೊಂಟ ಮುರಿದುಕೊಂಡರು' ಎಂಬ ಸುದ್ದಿಯನ್ನು ನೀವು ಕೇಳಿರುತ್ತೀರಿ. ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಮುರಿದಿರುವುದು ಸೊಂಟದ ಮೂಳೆಯಲ್ಲ. ಸೊಂಟದ ಕೀಲಿನೊಳಗೆ ಕೂರುವ ತೊಡೆಮೂಳೆಯ ಮೇಲ್ತುದಿ. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಲೋಹದ ತಿರುಪು, ಸರಳುಗಳನ್ನು ಹಾಕುತ್ತಾರೆ ಅಥವಾ ಮುರಿದ ಭಾಗವನ್ನು ತೆಗೆದು ಕೃತಕ ಚೆಂಡನ್ನು ಜೋಡಿಸುತ್ತಾರೆ. ಮೂಳೆ ಸರಿಯಾಗಿ ಕೂತ ಮೇಲೂ ಒಂದು ಅಪಾಯ ಉಳಿದೇ ಇರುತ್ತದೆ. ಅದು ಮೂಳೆಗೆ ಸಂಬಂಧಿಸಿದ್ದಲ್ಲ, ರಕ್ತಕ್ಕೆ ಸಂಬಂಧಿಸಿದ್ದು.

ಕಾಲಿನ ಆಳದಲ್ಲಿರುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಈ ಹೆಪ್ಪಿನ ಒಂದು ತುಂಡು ಕಿತ್ತುಕೊಂಡು ರಕ್ತದೊಡನೆ ಸಾಗಿ, ಹೃದಯದ ಬಲಭಾಗವನ್ನು ದಾಟಿ, ಪುಪ್ಪುಸದ ಅಪಧಮನಿಗೆ ಹೋಗಿ ಸಿಕ್ಕಿಕೊಂಡರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ. ತುಂಡು ದೊಡ್ಡದಾಗಿದ್ದರೆ ನಿಮಿಷಗಳಲ್ಲಿ ಸಾವು ಬರಬಹುದು. ಇದನ್ನು ತಡೆಯಲು 'ರಕ್ತ ತೆಳುಮಾಡುವ' ಔಷಧಿ ಕೊಡುತ್ತಾರೆ. ಇಂತಹ ಔಷಧಿಗಳು ಹಲವು. ಅವುಗಳಲ್ಲಿ ಯಾವುದು ಮೇಲು? ಅದನ್ನು ತೀರ್ಮಾನಿಸುವುದು ಹೇಗೆ?

ಹೆಪ್ಪು ಏಕೆ ಕಟ್ಟುತ್ತದೆ?

ಕೈಗೆ ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ನಾವು ಬದುಕುವುದು ಕಷ್ಟ. ಗಾಯವಾದ ಕೂಡಲೆ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ಅದೇ ವೇಳೆಗೆ ರಕ್ತದಲ್ಲಿರುವ ಹಲವು ಪ್ರೋಟೀನುಗಳು ಒಂದರ ನಂತರ ಒಂದರಂತೆ ಚುರುಕಾಗುತ್ತವೆ. ಇವುಗಳನ್ನು 'ಹೆಪ್ಪುಗಟ್ಟಿಸುವ ಅಂಶಗಳು' ಎನ್ನುತ್ತಾರೆ. ಸಾಲಿನ ಕೊನೆಯ ಹಂತಗಳು ಹೀಗಿವೆ: 10ನೆಯ ಅಂಶ ಚುರುಕಾಗಿ ಪ್ರೋಥ್ರಾಂಬಿನ್ನನ್ನು ಥ್ರಾಂಬಿನ್ ಆಗಿ ಬದಲಿಸುತ್ತದೆ, ಥ್ರಾಂಬಿನ್ ಕಿಣ್ವವು ಫೈಬ್ರಿನೋಜೆನ್ನನ್ನು ಫೈಬ್ರಿನ್ ಆಗಿ ಬದಲಿಸುತ್ತದೆ. ಫೈಬ್ರಿನ್ ಎಳೆಗಳು ಬಲೆಯಂತೆ ಹೆಣೆದುಕೊಂಡು ರಕ್ತಕಣಗಳನ್ನು ಹಿಡಿದಿಡುತ್ತವೆ. ಅದೇ ಹೆಪ್ಪು.

ಗಾಯದ ಜಾಗದಲ್ಲಿ ಆಗಬೇಕಾದ ಈ ಕ್ರಿಯೆ ರಕ್ತನಾಳದ ಒಳಗೆ ಆದರೆ ಆಪತ್ತು. ಇದಕ್ಕೆ ಮೂರು ಕಾರಣಗಳನ್ನು ಹೇಳುವುದು ವಾಡಿಕೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಶೋ ಅವರ ಹೆಸರಿನಿಂದ ಇವನ್ನು 'ವಿರ್ಶೋ ತ್ರಿಕ' ಎಂದು ಕರೆಯುತ್ತಾರೆ. ತೊಡೆಮೂಳೆ ಮುರಿದ ವೃದ್ಧರನ್ನು ನೆನೆಸಿಕೊಳ್ಳಿ. ಅವರು ಅಲುಗಾಡದೆ ಮಲಗಿದ್ದಾರೆ, ಆದ್ದರಿಂದ ಹರಿವು ನಿಧಾನ. ಬಿದ್ದ ಪೆಟ್ಟು ಮತ್ತು ಶಸ್ತ್ರಚಿಕಿತ್ಸೆಯಿಂದ ನಾಳಗಳಿಗೆ ಏಟು. ಗಾಯಕ್ಕೆ ಪ್ರತಿಕ್ರಿಯೆಯಾಗಿ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳ ಚುರುಕು. ಮೂರೂ ಕಾರಣಗಳು ಒಂದೇ ಕಡೆ ಸೇರಿವೆ!

ಔಷಧಿಗಳು ಎಲ್ಲಿ ಕೆಲಸ ಮಾಡುತ್ತವೆ?

ಮೊದಲು ಒಂದು ಮಾತು. 'ರಕ್ತ ತೆಳುಮಾಡುವ' ಎನ್ನುವುದು ಬಳಕೆಯ ಮಾತು ಅಷ್ಟೆ. ಈ ಔಷಧಿಗಳಿಂದ ರಕ್ತ ನೀರಾಗುವುದಿಲ್ಲ. ಹೆಪ್ಪುಗಟ್ಟುವ ಸರಪಳಿಯ ಒಂದಲ್ಲ ಒಂದು ಕೊಂಡಿಯನ್ನು ಅವು ತಡೆಯುತ್ತವೆ.

ಹೆಪಾರಿನ್: 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದಾಗ, ಅದಕ್ಕೆ ತದ್ವಿರುದ್ಧ ಗುಣದ ವಸ್ತು ನಾಯಿಯ ಯಕೃತ್ತಿನಲ್ಲಿ ಸಿಕ್ಕಿತು. ಯಕೃತ್ತಿನ ಗ್ರೀಕ್ ಹೆಸರಿನಿಂದ ಹೆಪಾರಿನ್ ಎಂಬ ಹೆಸರು ಬಂತು. ನಮ್ಮ ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ತಡೆಗಾರ ಪ್ರೋಟೀನಿನ ವೇಗವನ್ನು ಇದು ಬಹಳ ಹೆಚ್ಚಿಸುತ್ತದೆ. ಹೆಪಾರಿನ್ನಿನ ಉದ್ದನೆಯ ಸರಪಳಿಯನ್ನು ತುಂಡರಿಸಿ ತಯಾರಿಸಿದ ಕಡಿಮೆ ಅಣುತೂಕದ ಹೆಪಾರಿನ್ನುಗಳಲ್ಲಿ ಎನಾಕ್ಸಪಾರಿನ್ ಪ್ರಮುಖವಾದುದು. ಇದನ್ನು ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುತ್ತಾರೆ.

ಫಾಂಡಪಾರಿನಕ್ಸ್: ಆಂಟಿಥ್ರಾಂಬಿನ್ನಿಗೆ ಅಂಟಿಕೊಳ್ಳಲು ಹೆಪಾರಿನ್ ಸರಪಳಿಯ ಐದು ಸಕ್ಕರೆ ಘಟಕಗಳಷ್ಟೆ ಸಾಕು. ಆ ಐದನ್ನು ಮಾತ್ರ ಪ್ರಯೋಗಶಾಲೆಯಲ್ಲಿ ಕಟ್ಟಿದ ಔಷಧಿ ಇದು. 10ನೆಯ ಅಂಶವನ್ನಷ್ಟೆ ತಡೆಯುತ್ತದೆ. ಇದನ್ನೂ ಚುಚ್ಚುಮದ್ದಾಗಿಯೇ ಕೊಡಬೇಕು.

ವಾರ್ಫರಿನ್: 2, 7, 9 ಮತ್ತು 10ನೆಯ ಅಂಶಗಳು ಸರಿಯಾಗಿ ತಯಾರಾಗಲು ಯಕೃತ್ತಿಗೆ ಕೆ ಜೀವಸತ್ವ ಬೇಕು. ವಾರ್ಫರಿನ್ ಅದರ ಬಳಕೆಗೆ ಅಡ್ಡಿಮಾಡುತ್ತದೆ. ಇಲಿ ಪಾಷಾಣವಾಗಿ ಬಳಕೆಗೆ ಬಂದ ಈ ವಸ್ತು 1954ರಲ್ಲಿ ಅಮೆರಿಕದಲ್ಲಿ ಮನುಷ್ಯರ ಔಷಧಿಯಾಗಿ ಮಾನ್ಯತೆ ಪಡೆಯಿತು. ಗುಳಿಗೆಯಾದರೂ ಪರಿಣಾಮ ತೋರಲು ಹಲವು ದಿನ ಬೇಕು. ಪದೇ ಪದೇ ರಕ್ತಪರೀಕ್ಷೆಯೂ ಬೇಕು.

ಆಸ್ಪಿರಿನ್: ಇದರ ದಾರಿಯೇ ಬೇರೆ. ಇದು ಪ್ಲೇಟ್‌ಲೆಟ್‌ಗಳ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಆಮೇಲೆ ಆ ಕಣಗಳು ಮೊದಲಿನಷ್ಟು ಸುಲಭವಾಗಿ ಅಂಟಿಕೊಳ್ಳಲಾರವು. ಪ್ಲೇಟ್‌ಲೆಟ್‌ನ ಆಯುಸ್ಸು 7ರಿಂದ 10 ದಿನ. ಅಷ್ಟು ದಿನವೂ ಪರಿಣಾಮ ಉಳಿಯುತ್ತದೆ. ಗುಳಿಗೆ ಅಗ್ಗ, ಎಲ್ಲೆಡೆಯೂ ಸಿಗುತ್ತದೆ.

ಇವಲ್ಲದೆ ರಿವರಾಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಗುಳಿಗೆಗಳೂ ಇವೆ. ಇವು 10ನೆಯ ಅಂಶವನ್ನು ನೇರವಾಗಿ ತಡೆಯುತ್ತವೆ. ಆದರೆ ಇವುಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು, ಸವೆದ ಕೀಲನ್ನು ಮೊದಲೇ ಯೋಜಿಸಿ ಬದಲಿಸುವ ಶಸ್ತ್ರಚಿಕಿತ್ಸೆಗಳಲ್ಲಿ. ಬಿದ್ದು ಮೂಳೆ ಮುರಿದುಕೊಂಡವರ ವಿಷಯದಲ್ಲಿ ಅಷ್ಟು ಆಧಾರವಿಲ್ಲ.

ಹೋಲಿಕೆ ಹೇಗೆ?

ಒಬ್ಬ ರೋಗಿಗೆ ಔಷಧಿ ಕೊಟ್ಟೆವು, ಹೆಪ್ಪು ಕಟ್ಟಲಿಲ್ಲ ಎನ್ನೋಣ. ಅದು ಔಷಧಿಯ ಗುಣವೆ? ಔಷಧಿ ಇಲ್ಲದಿದ್ದರೂ ಕಟ್ಟುತ್ತಿರಲಿಲ್ಲವೇನೋ! ಆದ್ದರಿಂದ ಸಾವಿರಾರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ಎಣಿಸಬೇಕು. ಇಂತಹ ಎಣಿಕೆಯಲ್ಲಿ ಭಾರತ ಮೂಲದ ಶಸ್ತ್ರವೈದ್ಯರೊಬ್ಬರ ಹೆಸರು ದೊಡ್ಡದು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ವಿಜಯ್ ಕಕ್ಕರ್ ಅವರ ನೇತೃತ್ವದಲ್ಲಿ ನಡೆದ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ 1975ರಲ್ಲಿ ಪ್ರಕಟವಾಯಿತು. ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 4,000ಕ್ಕೂ ಹೆಚ್ಚು ಜನರ ಆ ಪರೀಕ್ಷೆಯಲ್ಲಿ, ಪುಪ್ಪುಸಕ್ಕೆ ಹೆಪ್ಪು ಸೇರಿ ಸತ್ತವರು ಹೆಪಾರಿನ್ ಇಲ್ಲದ ಗುಂಪಿನಲ್ಲಿ 16. ಅಲ್ಪ ಪ್ರಮಾಣದ ಹೆಪಾರಿನ್ ಪಡೆದ ಗುಂಪಿನಲ್ಲಿ 2.

ಇನ್ನು ತೊಡೆಮೂಳೆ ಮುರಿತಕ್ಕೆ ಬರೋಣ. 2000ದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಐದು ದೇಶಗಳ 13,356 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 160 ಮಿ.ಗ್ರಾಂ ಆಸ್ಪಿರಿನ್, ಉಳಿದವರಿಗೆ ಅದೇ ರೂಪದ ಹುಸಿ ಗುಳಿಗೆ, 35 ದಿನ. ಹುಸಿ ಗುಳಿಗೆಯವರಲ್ಲಿ ಶೇ. 2.5 ಮಂದಿಗೆ ಲಕ್ಷಣ ತೋರುವ ಹೆಪ್ಪು ಕಟ್ಟಿತು. ಆಸ್ಪಿರಿನ್ ಪಡೆದವರಲ್ಲಿ ಶೇ. 1.6 ಮಂದಿಗೆ. ಪುಪ್ಪುಸದ ಹೆಪ್ಪಿನಿಂದ ಸತ್ತವರು ಕ್ರಮವಾಗಿ 43 ಮತ್ತು 18. ಆದರೆ ರಕ್ತ ಕೊಡಬೇಕಾದಷ್ಟು ರಕ್ತಸ್ರಾವ ಆಸ್ಪಿರಿನ್ ಗುಂಪಿನಲ್ಲಿ ಸಾವಿರಕ್ಕೆ ಸುಮಾರು 6 ಮಂದಿಯಲ್ಲಿ ಹೆಚ್ಚಾಗಿ ಕಂಡಿತು. ಎಲ್ಲ ಕಾರಣಗಳಿಂದಾದ ಒಟ್ಟು ಸಾವುಗಳಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಇನ್ನೂ ಒಂದು ವಿಷಯ: ಇಲ್ಲಿ ಆಸ್ಪಿರಿನ್ನನ್ನು ಹೋಲಿಸಿದ್ದು ಹುಸಿ ಗುಳಿಗೆಯೊಡನೆ, ಹೆಪಾರಿನ್ ಜೊತೆ ಅಲ್ಲ. ಎರಡೂ ಗುಂಪುಗಳ ಹಲವರಿಗೆ ಹೆಪಾರಿನ್ನನ್ನೂ ಕೊಡಲಾಗಿತ್ತು.

2001ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ತೊಡೆಮೂಳೆ ಮುರಿದ 1,711 ಜನರಿಗೆ ಫಾಂಡಪಾರಿನಕ್ಸ್ ಇಲ್ಲವೆ ಎನಾಕ್ಸಪಾರಿನ್ ಕೊಟ್ಟರು. 11ನೆಯ ದಿನದೊಳಗೆ ಹೆಪ್ಪು ಕಂಡದ್ದು ಮೊದಲ ಗುಂಪಿನಲ್ಲಿ ಶೇ. 8.3, ಎರಡನೆಯದರಲ್ಲಿ ಶೇ. 19.1.

ಲೆಕ್ಕದ ಒಳಗುಟ್ಟು

ಈ ಎರಡು ಪರೀಕ್ಷೆಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಡಿ. ಆಸ್ಪಿರಿನ್ ಗುಂಪಿನಲ್ಲಿ ಶೇ. 1.6, ಎನಾಕ್ಸಪಾರಿನ್ ಗುಂಪಿನಲ್ಲಿ ಶೇ. 19.1. ಹಾಗಾದರೆ ಆಸ್ಪಿರಿನ್ ಹನ್ನೆರಡು ಪಟ್ಟು ಮೇಲೆ? ಖಂಡಿತ ಇಲ್ಲ. ಮೊದಲನೆಯದರಲ್ಲಿ ಎಣಿಸಿದ್ದು ಕಾಲು ಊದಿ, ನೋವು ಬಂದು ಅಥವಾ ಉಸಿರು ಕಟ್ಟಿ ರೋಗಿಗೆ ತೊಂದರೆ ಕೊಟ್ಟ ಹೆಪ್ಪುಗಳನ್ನು. ಎರಡನೆಯದರಲ್ಲಿ ಕಾಲಿನ ಅಭಿಧಮನಿಗೆ ಬಣ್ಣದ್ರವ ಹಾಯಿಸಿ ಎಕ್ಸ್ ಕಿರಣದಲ್ಲಿ ನೋಡಿದರು. ಸದ್ದಿಲ್ಲದೆ ಕೂತಿದ್ದ ಹೆಪ್ಪುಗಳೂ ಲೆಕ್ಕಕ್ಕೆ ಬಂದವು. ಇವುಗಳಲ್ಲಿ ಬಹುಪಾಲು ತಾವಾಗಿಯೇ ಕರಗುವಂಥವು. ಲಕ್ಷಣ ತೋರಿದ ಹೆಪ್ಪುಗಳನ್ನಷ್ಟೆ ಎಣಿಸಿದರೆ ಆ ಪರೀಕ್ಷೆಯ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮವಾಗಿದ್ದವು. ಅಳತೆಗೋಲು ಬೇರೆಯಾದಾಗ ಅಂಕಿಗಳನ್ನು ಹೋಲಿಸಬಾರದು.

ಎರಡನೆಯ ಗುಟ್ಟು: '43ರಿಂದ 18ಕ್ಕೆ ಇಳಿಯಿತು' ಎಂದರೆ ಶೇ. 58 ಇಳಿಕೆ. ದೊಡ್ಡದಾಗಿ ಕೇಳಿಸುತ್ತದೆ. ಆದರೆ ಪ್ರತಿ ಗುಂಪಿನಲ್ಲಿ ಸುಮಾರು 6,680 ಜನರಿದ್ದರು. ಅಂದರೆ ಸಾವಿರ ಜನರಿಗೆ ಆಸ್ಪಿರಿನ್ ಕೊಟ್ಟರೆ ಇಂತಹ ಸುಮಾರು 4 ಸಾವು ತಪ್ಪುತ್ತದೆ. ಎರಡು ಹೇಳಿಕೆಗಳೂ ಸರಿ. ಆದರೆ ಸಾವಿರಕ್ಕೆ ಆರರಷ್ಟು ಹೆಚ್ಚುವ ರಕ್ತಸ್ರಾವದೊಡನೆ ತೂಗಿ ನೋಡಲು ಬೇಕಾದದ್ದು ಎರಡನೆಯದು.

ಮೂರನೆಯದು, ಪರೀಕ್ಷೆಯಲ್ಲಿ ಇದ್ದವರು ಯಾರು ಎಂಬುದು. 2023ರಲ್ಲಿ ಅಮೆರಿಕ ಮತ್ತು ಕೆನಡಾದ 21 ಕೇಂದ್ರಗಳ ಪರೀಕ್ಷೆ ಪ್ರಕಟವಾಯಿತು. ಕೈಕಾಲು ಅಥವಾ ಸೊಂಟದ ಮೂಳೆ ಮುರಿದ 12,211 ಜನರಲ್ಲಿ ಆಸ್ಪಿರಿನ್ ಮತ್ತು ಎನಾಕ್ಸಪಾರಿನ್‌ಗಳ ನೇರ ಹೋಲಿಕೆ ಅಲ್ಲಿ ನಡೆಯಿತು. 90 ದಿನಗಳಲ್ಲಿ ಸಾವು ಶೇ. 0.78 ಮತ್ತು ಶೇ. 0.73, ಪುಪ್ಪುಸದ ಹೆಪ್ಪು ಎರಡರಲ್ಲೂ ಶೇ. 1.49, ಕಾಲಿನ ಆಳದ ಹೆಪ್ಪು ಮಾತ್ರ ಆಸ್ಪಿರಿನ್‌ನಲ್ಲಿ ಶೇ. 2.51, ಎನಾಕ್ಸಪಾರಿನ್‌ನಲ್ಲಿ ಶೇ. 1.71. ಸಾವನ್ನು ತಡೆಯುವುದರಲ್ಲಿ ಆಸ್ಪಿರಿನ್ ಹಿಂದೆ ಬೀಳಲಿಲ್ಲ ಎಂದಾಯಿತು. ಆದರೆ ಇವರ ಸರಾಸರಿ ವಯಸ್ಸು ಸುಮಾರು 45. ಎಂಬತ್ತರ ಅಜ್ಜಿಗೆ ಈ ಉತ್ತರವನ್ನು ಹಾಗೆಯೇ ಅನ್ವಯಿಸಬಹುದೆ? ಎಚ್ಚರಿಕೆ ಬೇಕು.

ಹಾಗಾದರೆ ತೀರ್ಮಾನ?

ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2018ರಲ್ಲಿ ವೃದ್ಧರ ಇಂತಹ ಮುರಿತಕ್ಕೆ ಸೂಚಿಸಿದ್ದು ಕಡಿಮೆ ಅಣುತೂಕದ ಹೆಪಾರಿನ್ ಅಥವಾ ಫಾಂಡಪಾರಿನಕ್ಸ್, ಒಂದು ತಿಂಗಳ ಕಾಲ. ಅದೂ ರಕ್ತಸ್ರಾವದ ಅಪಾಯ ಹೆಚ್ಚಿಲ್ಲದಿದ್ದರೆ. ಅಮೆರಿಕದ ಎದೆರೋಗ ತಜ್ಞರ ಸಂಘದ 2012ರ ಸೂಚಿಯಲ್ಲಿ ಆಸ್ಪಿರಿನ್ನಿಗೂ ಸ್ಥಾನವಿದೆ. ಮುಂದಿನ ಆಯ್ಕೆ ರೋಗಿಯನ್ನು ಅವಲಂಬಿಸಿದೆ. ಎನಾಕ್ಸಪಾರಿನ್ ಮತ್ತು ಫಾಂಡಪಾರಿನಕ್ಸ್ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಅವು ರಕ್ತದಲ್ಲಿ ಶೇಖರವಾಗಬಹುದು. ಜಠರದ ಹುಣ್ಣಿರುವವರಿಗೆ ಆಸ್ಪಿರಿನ್ ತೊಂದರೆ ಕೊಡಬಹುದು. ಮನೆಗೆ ಹೋದ ಮೇಲೆ ಚುಚ್ಚುಮದ್ದು ಕೊಡುವವರು ಯಾರು, ಅದರ ಖರ್ಚು ಎಷ್ಟು ಎಂಬುದೂ ಮುಖ್ಯ. ಅತಿ ಒಳ್ಳೆಯ ಔಷಧಿಯೂ ಅರ್ಧಕ್ಕೆ ನಿಂತರೆ ಫಲವಿಲ್ಲ. ಆದ್ದರಿಂದ ವೈದ್ಯರು ಹೇಳಿದ ಅವಧಿಗೆ ಮುಂಚೆ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು, ತಾವಾಗಿಯೇ ಸೇರಿಸಲೂ ಬಾರದು. ಬೇಗ ಶಸ್ತ್ರಚಿಕಿತ್ಸೆ, ಸಾಕಷ್ಟು ನೀರು, ವೈದ್ಯರು ಒಪ್ಪಿದ ಕೂಡಲೆ ಎದ್ದು ನಡೆಯುವುದು, ಇವು ಯಾವ ಔಷಧಿಯ ಜೊತೆಗೂ ಇರಬೇಕಾದವು. ಒಂದು ಕಾಲು ಇದ್ದಕ್ಕಿದ್ದಂತೆ ಊದಿಕೊಂಡರೆ, ಎದೆನೋವು ಅಥವಾ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಶಿಕ್ಷಕರು ಮೇಲಿನ 2023ರ ಅಂಕಿಗಳನ್ನು ತರಗತಿಯಲ್ಲಿ ಕೊಟ್ಟು, ಒಂದೊಂದನ್ನೂ 'ಸಾವಿರಕ್ಕೆ ಎಷ್ಟು' ಎಂದು ಬದಲಿಸಿ ಬರೆಯಲು ವಿದ್ಯಾರ್ಥಿಗಳಿಗೆ ಹೇಳಬಹುದು. ಆಸ್ಪಿರಿನ್ ಪಡೆದ ಸಾವಿರ ಜನರಲ್ಲಿ ಕಾಲಿನ ಹೆಪ್ಪು ಎಷ್ಟು ಮಂದಿಗೆ ಹೆಚ್ಚು? ದಿನವೂ ಚುಚ್ಚಿಸಿಕೊಳ್ಳುವ ಕಷ್ಟವನ್ನು ಅದರೊಡನೆ ತೂಗಿದರೆ ನೀವು ಯಾವುದನ್ನು ಆರಿಸುತ್ತೀರಿ, ಏಕೆ? ಉತ್ತರಗಳು ಬೇರೆ ಬೇರೆಯಾಗಬಹುದು; ಕಾರಣ ಕೊಡಬೇಕು, ಅಷ್ಟೆ.